ಬಿಳಿ ದಾರಕ್ಕೆ ಒಂದನೇ ಸ್ಥಾನ

ಡಿಸೆಂಬರ್ ೧, ಸೋಮವಾರ

ಸ್ವಸ್ತಿ! ನೂರ ತೊಂಬತ್ತೆರಡು ಪುಟಗಳ ಒಡೆಯನೂ, ನೀಲಿ ಗೆರೆಗಳ ಗಂಡನೂ, ರಟ್ಟಿನ ಕವಚ ತೊಟ್ಟ ವೀರನೂ, ಒಂದು ಮೂಲೆಯಲ್ಲಿ ಅಂಟು ಮೆತ್ತಿಕೊಂಡಿದ್ದರೂ ಗಾಂಭೀರ್ಯ ಬಿಡದ ಧೀರನೂ ಆದ ದಿನಚರಿ ಮಹಾಪ್ರಭುಗಳ ಪಾದಗಳಿಗೆ (ಅವು ಎಲ್ಲಿವೆ ಎಂದು ಹುಡುಕಿ ಆಮೇಲೆ ತಿಳಿಸಲಾಗುವುದು) 'ವರ್ಷದ ಹತ್ತು ಶ್ರೇಷ್ಠ ಆಲ್ಬಮ್‌ಗಳ ಆಯ್ಕೆ ಮಂಡಳಿ' ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮಂಡಳಿಯ ಅಧ್ಯಕ್ಷೆ ನಾನು. ಕಾರ್ಯದರ್ಶಿ ನಾನು. ಪ್ರತಿ ತೀರ್ಮಾನಕ್ಕೂ ತಕರಾರು ತೆಗೆಯುವ ಸದಸ್ಯೆಯೂ ನಾನೇ. ಅಧ್ಯಕ್ಷ ಪೀಠ, ಬೋರಲು ಹಾಕಿದ ಅಂಟಿನ ಡಬ್ಬ. ನಿಯಮ ಒಂದೇ: ಮೊದಲಿನಿಂದ ಕೊನೆಯವರೆಗೆ ಪೂರ್ತಿ ಕೇಳದ ಆಲ್ಬಮ್‌ಗೆ ಸ್ಥಾನವಿಲ್ಲ. ಈ ನಿಯಮ ಮುರಿದವರ ಕಿವಿಯಲ್ಲಿ ಏಳು ಜನ್ಮ ಸೊಳ್ಳೆ ಹಾಡಲಿ.

ಹಿನ್ನೆಲೆ ದಾಖಲಾಗಲಿ. ಸೆಪ್ಟೆಂಬರಿನಲ್ಲಿ ಕಾಲೇಜಿನ ಸೂಚನಾ ಫಲಕದಲ್ಲಿ 'ಪ್ರಾಂಶುಪಾಲರ ಹಳೆಯ ಕುರ್ಚಿಗೆ ಬೀಳ್ಕೊಡುಗೆ ಸಮಾರಂಭ' ಎಂದೊಂದು ಪ್ರಕಟಣೆ ಅಂಟಿಸಿದ್ದೆ. ಇನ್ನೂರು ಜನ ಬಂದರು. ಇತಿಹಾಸದ ಮೇಷ್ಟರು ಕುರ್ಚಿಯ ದೀರ್ಘ ಸೇವೆಯನ್ನು ನೆನೆದು ಎಂಟು ನಿಮಿಷ ಮಾತಾಡಿ ಗದ್ಗದಿತರಾದರು. ಪ್ರಾಂಶುಪಾಲರು ಮಾತ್ರ ಅದೇ ಕುರ್ಚಿಯಲ್ಲಿ ಕೂತು ನನ್ನನ್ನು ವರ್ಷದ ಕೊನೆಯವರೆಗೆ ಹೊರಗೆ ಹಾಕಿದರು. ಜನವರಿಯಲ್ಲಿ ವಾಪಸ್ ಸೇರಬೇಕಾದರೆ ಎಲ್ಲಾದರೂ ಕೆಲಸ ಮಾಡಿ, 'ನಡತೆ ಉತ್ತಮ' ಎಂಬ ಪತ್ರ ತರಬೇಕಂತೆ. ಅಮ್ಮ ನನ್ನನ್ನು ಎಳೆದು ತಂದು ತನ್ನ ತಮ್ಮನ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಒಪ್ಪಿಸಿದಳು. ಆ ಪತ್ರ ಈಗ ಮಾವನ ಪೆನ್ನಿನ ತುದಿಯಲ್ಲಿದೆ. ಮೂರು ತಿಂಗಳ ಶಿಕ್ಷೆ ಮುಗಿಯಿತು. ಇನ್ನು ಮೂವತ್ತೊಂದು ದಿನ.

ಇಲ್ಲಿ ಇಯರ್‌ಫೋನ್ ನಿಷಿದ್ಧ. "ಕಟಿಂಗ್ ಮೆಷಿನ್ ಪಕ್ಕ ಕಿವಿ ಮುಚ್ಕೊಂಡು ನಿಂತ್ರೆ ಬೆರಳು ಹೋದದ್ದೂ ಗೊತ್ತಾಗಲ್ಲ" ಎಂಬುದು ಮಾವನ ವಾದ. ಆದ್ದರಿಂದ ಸ್ಪೀಕರ್ ಹಚ್ಚಲು ಅರ್ಜಿ ಹಾಕಿದೆ.

"ಏನಕ್ಕೆ?"

"ವರ್ಷದ ಹತ್ತು ಆಲ್ಬಮ್ ಆರಿಸ್ಬೇಕು ಮಾವ. ಜನ ಕಾಯ್ತಾ ಇದಾರೆ."

"ಯಾವ ಜನ?"

"ಅದು ಗೋಪ್ಯ."

ಮಾವ ಕನ್ನಡಕದ ಮೇಲಿನಿಂದ ನೋಡಿದರು. "ಸೂಜಿಯಮ್ಮ ಒಪ್ಪಿದ್ರೆ ಹಾಕ್ಕೋ. ಆದ್ರೆ ಕೇಳಿಲ್ಲಿ, ಕಿತಾಪತಿ. ನಿನ್ನಿಂದ ಒಂದೇ ಒಂದು ಪುಸ್ತಕ ಕೆಟ್ಟು ವಾಪಸ್ ಬರ್ಲಿ, ಪತ್ರದ ಆಸೆ ಬಿಟ್ಬಿಡು."

ಸೂಜಿಯಮ್ಮ ಇಲ್ಲಿ ಪುಸ್ತಕ ಹೊಲಿಯುವವರು. ಮಾವನ ಅಪ್ಪನ ಕಾಲದಿಂದ, ಕಿಟಕಿಯ ಕೆಳಗಿನ ಅದೇ ಸ್ಟೂಲು. ಕೇಳಿದೆ. "ಹಾಕ್ಕೋ ಮಗಾ, ನಂಗೇನು" ಎಂದರು. ಮಂಡಳಿಗೆ ಜಯವಾಗಲಿ.


ಡಿಸೆಂಬರ್ ೩, ಬುಧವಾರ

ಮೊದಲ ತೀರ್ಪುಗಳು.

ಹತ್ತನೇ ಸ್ಥಾನ: 'ಒದ್ದೆ ಛತ್ರಿ'. ನಾಲ್ಕು ಹುಡುಗರು ಬೀರುವಿನೊಳಗೆ ಸಿಕ್ಕಿಹಾಕಿಕೊಂಡು ಹಾಡಿದಂತಿದೆ. ಆದರೆ ಬೀರು ಒಳ್ಳೆಯ ಮರದ್ದು. ಇದರ ತಾಳಕ್ಕೆ ನೂರ ಇಪ್ಪತ್ತು ಫಾರಂ ಮಡಚಿದೆ. (ಫಾರಂ ಎಂದರೆ ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದಾಗ ಆಗುವ ಹದಿನಾರು ಪುಟದ ಕಂತೆ. ಇಂಥ ಕಂತೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಪುಸ್ತಕ. ಮಹಾಪ್ರಭುಗಳೇ, ತಾವೂ ಹೀಗೇ ಹುಟ್ಟಿದ್ದು.)

ಒಂಬತ್ತು: 'ಲಿಫ್ಟ್ ಕೆಟ್ಟಿದೆ'. ಒಬ್ಬನೇ ಗಿಟಾರಿನವನು. ಮೆಟ್ಟಿಲು ಹತ್ತಿ ಬಂದವನಂತೆ ಏದುಸಿರು. ಮೂರನೇ ಹಾಡಿನಲ್ಲಿ ಮನೆ ತಲುಪುತ್ತಾನೆ, ನಮಗೂ ಸಮಾಧಾನವಾಗುತ್ತದೆ.

ಎಂಟು: 'ಅಜ್ಜನ ಹೆಲ್ಮೆಟ್'. ಬರೀ ಡೋಲು. ಮಾವ ಒಳಗಿನಿಂದ "ಯಾರೋ ಬಾಗಿಲು ಬಡೀತಿದಾರೆ ನೋಡೇ" ಎಂದು ಮೂರು ಸಲ ಕೂಗಿದರು. ಅದಕ್ಕಾಗಿಯೇ ಇದು ಪಟ್ಟಿ ಸೇರಿತು.

ಹಲ್ಲಿನ ಡಾಕ್ಟರೊಬ್ಬರು ಬರೆದ ಹಲ್ಲಿನ ಆರೈಕೆಯ ಪುಸ್ತಕ ಈಗ ಬೈಂಡಿಂಗಿಗೆ ಬಂದಿದೆ. ಹದಿನಾರು ಫಾರಂ. ಮೊದಲು ನೂರು ಪ್ರತಿ, ಅವು ಸರಿಯಾಗಿದ್ದರೆ ಆಮೇಲೆ ಐನೂರು. ನನ್ನ ಕೆಲಸ ಮಡಚುವುದು. ಸೂಜಿಯಮ್ಮ ತಮ್ಮ ಸುತ್ತ ಹದಿನಾರು ಗುಡ್ಡೆ ಇಟ್ಟುಕೊಂಡು, ಒಂದೊಂದರಿಂದ ಒಂದೊಂದು ಎತ್ತಿ ಹೊಲಿಯುತ್ತಾ ಹೋಗುತ್ತಾರೆ. ಅವರು ಹೊಲಿದದ್ದನ್ನು ಯಾರೂ ಮತ್ತೆ ಎಣಿಸುವುದಿಲ್ಲ. "ಅಕ್ಕ ಹೊಲಿದ್ರೆ ಎರಡನೇ ಎಣಿಕೆ ಬೇಡ" ಎಂಬುದು ಈ ಅಂಗಡಿಯ ಕಾನೂನು.

ಇನ್ನು ಇಪ್ಪತ್ತೊಂಬತ್ತು ದಿನ.


ಡಿಸೆಂಬರ್ ೬, ಶನಿವಾರ

ಇಂದು ಕಟಿಂಗ್ ಅಣ್ಣನ ಬೇಟೆ.

ಕಟಿಂಗ್ ಅಣ್ಣ ಎಂದರೆ ಕಟಿಂಗ್ ಮೆಷಿನ್ ನಡೆಸುವವರು. ಹೊಲಿದ ಪುಸ್ತಕದ ಮೂರು ಅಂಚನ್ನು ದಡ್ ಎಂದು ಕತ್ತರಿಸುತ್ತಾರೆ, ನಮ್ಮ ಮಾತನ್ನೂ ಹಾಗೇ. ಯಾವ ಆಲ್ಬಮ್ ಹಾಕಿದರೂ ಒಂದೇ ಉತ್ತರ: "ಅದಾ? ಕೇಳಿದೀನಿ." ನಿನ್ನೆ ಬಿಡುಗಡೆಯಾದದ್ದನ್ನು ಮೊನ್ನೆಯೇ ಕೇಳಿರುತ್ತಾರೆ.

ಮುಖದಲ್ಲಿ ಶೋಕಸಭೆಯ ಗಾಂಭೀರ್ಯ ತಂದುಕೊಂಡು ಹತ್ತಿರ ಹೋದೆ. ಆಲ್ಬಮ್‌ಗೊಂದು ಹೆಸರು ಬೇಕಿತ್ತು. ಕಣ್ಣಿಗೆ ಬಿದ್ದದ್ದು ಸೂಜಿಯಮ್ಮನ ದಾರದ ಉಂಡೆ.

"ಅಣ್ಣಾ, 'ಬಿಳಿ ದಾರ' ಅಂತ ಒಂದು ಬಂದಿದೆಯಂತೆ. ಎಲ್ಲೂ ಸಿಗ್ತಾ ಇಲ್ಲ."

"ಬಿಳಿ ದಾರಾನಾ?" ಅಳತೆಪಟ್ಟಿಯಿಂದ ಬೆನ್ನು ಕೆರೆದುಕೊಂಡರು. "ಕೇಳಿದೀನಿ."

"ಹೌದಾ! ಹೇಗಿದೆ?"

"ಪರವಾಗಿಲ್ಲ. ಗಲಾಟೆ ಇಲ್ಲ, ಏನಿಲ್ಲ. ಕೊನೇ ಸಾಲು ಮಾತ್ರ ಒಂಚೂರು ಎಳೀತಾರೆ."

ಹುಟ್ಟೇ ಇಲ್ಲದ ಆಲ್ಬಮ್‌ನ ಕೊನೇ ಸಾಲು! ಅಂಟಿನ ಕೋಣೆಗೆ ಓಡಿಹೋಗಿ, ರಟ್ಟಿನ ರಾಶಿಯ ಹಿಂದೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ತಿಂಗಳ ಕೊನೆಯ ಶನಿವಾರ ಇಲ್ಲಿ ಎಲ್ಲರೂ ಒಂದು ಗಂಟೆ ಮುಂಚೆ ಕೆಲಸ ನಿಲ್ಲಿಸಿ ಟೀ ಕುಡಿಯುತ್ತಾರೆ. ಅಂದು ಪಟ್ಟಿ ಓದುವೆ. ಒಂದನೇ ಸ್ಥಾನ 'ಬಿಳಿ ದಾರ'ಕ್ಕೆ. ಎಲ್ಲರೆದುರು ಅಣ್ಣನ ಬಾಯಲ್ಲಿ ಅದರ ವಿಮರ್ಶೆ ಮಾಡಿಸಿ, ಆಮೇಲೆ ಗುಟ್ಟು ಒಡೆಯುವೆ. ಕುರ್ಚಿಯ ಬೀಳ್ಕೊಡುಗೆಯ ನಂತರ ಇದೇ ನನ್ನ ಮೇರುಕೃತಿ.

ಡಾಕ್ಟರ ನೂರು ಪ್ರತಿ ಇಂದು ಹೋದವು.


ಡಿಸೆಂಬರ್ ೯, ಮಂಗಳವಾರ

ಹಲ್ಲಿನ ಡಾಕ್ಟರು ಒಂದು ಚೀಲ ಹಿಡಿದು ಬಂದರು. ಸಭ್ಯಸ್ಥರು, ಬೈಯಲು ಬರುವುದಿಲ್ಲ. ಒಂದು ಪುಸ್ತಕ ತೆರೆದು ಮಾವನ ಮುಂದಿಟ್ಟರು. ಹಲ್ಲುಜ್ಜುವುದು ಹೇಗೆ ಎಂಬ ಅಧ್ಯಾಯದಿಂದ ಪುಸ್ತಕ ನೇರವಾಗಿ ಹಲ್ಲು ಕೀಳುವುದಕ್ಕೆ ಹಾರಿತ್ತು.

"ನನ್ನ ಪೇಷಂಟುಗಳು ಗಾಬರಿಯಾಗಿದಾರೆ" ಎಂದರು.

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಹನ್ನೊಂದನೇ ಫಾರಂ ಇಲ್ಲ. ಒಂದರಲ್ಲಲ್ಲ, ಒಂಬತ್ತು ಪ್ರತಿಗಳಲ್ಲಿ. ಮಾವ ಒಂದೊಂದನ್ನೂ ಎಣಿಸಿದರು. ಎಣಿಸುವಾಗ ಅವರು ಸೂಜಿಯಮ್ಮನ ಕಡೆ ನೋಡಲಿಲ್ಲ, ನನಗೆ ಅದನ್ನೇ ನೋಡಲಾಗಲಿಲ್ಲ.

"ಅಕ್ಕಾ, ಕಣ್ಣು ತೋರಿಸ್ಕೊಂಡ್ರಾ ಇತ್ತೀಚೆಗೆ?"

"ತೋರಿಸ್ದೆ ತಮ್ಮಾ. ಚೆನ್ನಾಗಿದೆ ಅಂದ್ರು."

"ಮತ್ತೆ?"

"ಏನೋಪ್ಪಾ. ವಯಸ್ಸಾಯ್ತು."

ಐನೂರು ಪ್ರತಿ ಬಾಕಿ ಇವೆ. ಇನ್ನು ಮೇಲೆ ಸೂಜಿಯಮ್ಮ ಹೊಲಿದ ಪ್ರತಿ ಪುಸ್ತಕವನ್ನೂ ತಾವೇ ಮತ್ತೆ ಎಣಿಸುವುದಾಗಿ ಮಾವ ಡಾಕ್ಟರಿಗೆ ಮಾತು ಕೊಟ್ಟರು. ಡಾಕ್ಟರು ಹೋದ ಮೇಲೆ, ತುಂಬ ಮೆಲ್ಲಗೆ ಅಂದರು: "ಈ ಕೆಲ್ಸ ಮುಗೀಲಿ ಅಕ್ಕಾ. ಹೊಸ ವರ್ಷದಿಂದ ನೀವು ಮನೇಲಿ ಆರಾಮಾಗಿರಿ. ಇಷ್ಟು ವರ್ಷ ದುಡಿದ್ರಲ್ಲ."

ಸೂಜಿಯಮ್ಮ ತಲೆ ಆಡಿಸಿ ಸೂಜಿಗೆ ದಾರ ಪೋಣಿಸಿದರು. ಒಂದೇ ಸಲಕ್ಕೆ ಪೋಣಿಸಿದರು. ಕಣ್ಣು ಸರಿಯಿಲ್ಲದವರು ಹಾಗೆ ಪೋಣಿಸುತ್ತಾರಾ?


ಡಿಸೆಂಬರ್ ೧೦

ಏಳು: 'ಮಂಗಳವಾರದ ಮುನಿಸು'. ಚೆನ್ನಾಗಿದೆ.


ಡಿಸೆಂಬರ್ ೧೩, ಶನಿವಾರ

ಚಾರ್ಜರ್ ಮನೆಯಲ್ಲಿ ಮರೆತೆ. ಸ್ಪೀಕರ್ ಹತ್ತು ಗಂಟೆಗೇ ಕಣ್ಣು ಮುಚ್ಚಿತು. ಅಲ್ಲಿಯವರೆಗೆ ಆರು ('ಸಾಲಿನಲ್ಲಿ ನಿಲ್ಲಿ') ಮತ್ತು ಐದು ('ಉಪ್ಪು ಕಡಿಮೆ') ತೀರ್ಮಾನವಾಗಿದ್ದವು.

ಸದ್ದು ನಿಂತ ಮೇಲೆ ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು ಕೇಳಿಸಿತು. ಸೂಜಿಯಮ್ಮ ಗುನುಗುತ್ತಿದ್ದರು. ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ, ಮಾತಿಲ್ಲದೆ. ಒಂದು ಪುಟ್ಟ ಸಾಲು, ಆಮೇಲೆ ಅದರ ತಂಗಿಯಂಥ ಇನ್ನೊಂದು ಸಾಲು. ಪ್ರತಿ ಸಾಲಿಗೂ ಕೈ ಒಂದು ಗುಡ್ಡೆಯಿಂದ ಪಕ್ಕದ ಗುಡ್ಡೆಗೆ ಹೋಗುತ್ತಿತ್ತು. ಕೊನೆಯ ಸಾಲು ಉದ್ದ, ಗಂಟು ಹಾಕಿ ದಾರ ಕಡಿಯುವವರೆಗೆ ಎಳೆಯುತ್ತಿದ್ದರು. ಮತ್ತೆ ಮೊದಲಿನಿಂದ.

ಸುಮ್ಮನೆ ಬೆರಳು ಮಡಚುತ್ತಾ ಹೋದೆ. ಹದಿನಾರು ಸಾಲು.

ಮತ್ತೊಂದು ಪುಸ್ತಕಕ್ಕೂ ಎಣಿಸಿದೆ. ಹದಿನಾರು. ಕೈಯಲ್ಲಿದ್ದ ಫಾರಂ ಹಾಗೇ ಬಿಟ್ಟು ಅವರ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತೆ.

"ಸೂಜಿಯಮ್ಮಾ, ಅದು ಯಾವ ಹಾಡು?"

"ಹಾಡೆಲ್ಲಿ ಬಂತು ಮಗಾ. ಎಣಿಕೆ ಅದು. ನಮ್ಮಮ್ಮ ಇದೇ ಕೆಲ್ಸ ಮಾಡ್ತಿದ್ಲು, ಅವ್ಳು ಕಲ್ಸಿದ್ದು. ಒಂದು, ಎರಡು ಅಂತ ಎಣಿಸ್ತಾ ಇದ್ರೆ ಯಾರಾದ್ರೂ ಮಾತಾಡಿಸಿದ ತಕ್ಷಣ ಮರ್ತು ಹೋಗುತ್ತೆ. ರಾಗ ಮರ್ಯಲ್ಲ. ಅರ್ಧಕ್ಕೆ ನಿಲ್ಸಿದ್ರೆ ಎಲ್ಲಿ ನಿಲ್ಸಿದೆ ಅಂತ ಅದೇ ನೆನಪಿಟ್ಕೊಂಡಿರುತ್ತೆ."

"ಹನ್ನೆರಡು ಫಾರಮ್ಮಿನ ಪುಸ್ತಕ ಬಂದ್ರೆ?"

"ನಡುವಿನ ನಾಲ್ಕು ಸಾಲು ಬಿಡೋದು. ಅದ್ರ ದಾರಿ ಬೇರೆ. ನಿಂಗೆ ಈಗ್ಲೇ ತಿಳ್ಯಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿ ನೋಡಿಕೊಂಡೆ.

"ನಾನು ಸ್ಪೀಕರ್ ಹಾಕಿದ ದಿನಗಳಲ್ಲಿ?"

ಅವರು ದಾರಕ್ಕೆ ಮೇಣ ಉಜ್ಜಿದರು. "ನಿನ್ನ ಹಾಡು ಒಂದು ಕಡೆ ಎಳೀತಿತ್ತು, ನನ್ನ ಎಣಿಕೆ ಒಂದು ಕಡೆ. ಒಳಗೇ ಎಣಿಸ್ಕೊಂಡೆ. ಅಲ್ಲಲ್ಲಿ ತಪ್ತು."

"ಹೇಳೋದಲ್ವಾ! ಒಂದು ಮಾತು ಹೇಳಿದ್ರೆ ಆಫ್ ಮಾಡ್ತಿರ್ಲಿಲ್ವಾ?"

"ನೀನು ಬಂದ ಮೇಲೆ ಮೂರು ತಿಂಗಳು ಮುಖ ಗಂಟು ಹಾಕ್ಕೊಂಡೇ ಇದ್ದೆ. ಆ ಡಬ್ಬಿ ಹಚ್ಚಿದ ದಿನ ನಕ್ಕೆ. ಹೇಗೆ ಹೇಳ್ಲಿ?"

ನಾನು ಮೂರು ತಿಂಗಳು ಮುಖ ಗಂಟು ಹಾಕಿಕೊಂಡಿರಲಿಲ್ಲ. ಅದು ಗಾಂಭೀರ್ಯ. ಮಂಡಳಿಯ ಆಕ್ಷೇಪಣೆ ದಾಖಲಾಗಲಿ.

"ಮಾವಂಗೆ ಹೇಳ್ತೀನಿ."

"ಹೇಳಿದ್ರೆ ನಿನ್ನ ಪತ್ರ ಹೋಗುತ್ತೆ. ಸುಮ್ನಿರು. ನಂಗಂತೂ ಮನೆಗೆ ಹೋಗೋ ವಯಸ್ಸು, ನಿಂಗೆ ಓದೋ ವಯಸ್ಸು. ಏಳು, ಫಾರಂ ಮಡಚು."


ಡಿಸೆಂಬರ್ ೧೪, ಭಾನುವಾರ

ಸ್ಪೀಕರ್ ಕೆಟ್ಟಿದೆ ಎಂದು ಅಂಗಡಿಯಲ್ಲಿ ಘೋಷಿಸುವುದಾಗಿ ತೀರ್ಮಾನ. ಅದು ಕೆಟ್ಟಿಲ್ಲ. ಕೆಟ್ಟದ್ದು ಯಾರು ಎಂದು ಮಂಡಳಿ ಚರ್ಚಿಸಿತು. ಸಭೆಯಲ್ಲಿ ಒಮ್ಮತ ಮೂಡಿತು. ನನಗೆ ಅದು ಹಿಡಿಸಲಿಲ್ಲ.


ಡಿಸೆಂಬರ್ ೧೭, ಬುಧವಾರ

ಮೂರು ದಿನದಿಂದ ಗುನುಗು ನಡೆದಿದೆ. ಮಾವ ಪ್ರತಿ ಪುಸ್ತಕವನ್ನೂ ಎರಡನೇ ಸಲ ಎಣಿಸುತ್ತಿದ್ದಾರೆ. ಸೂಜಿಯಮ್ಮ ಹೊಲಿದು ಬಲಕ್ಕೆ ಇಡುತ್ತಾರೆ, ಮಾವ ಅದನ್ನು ಎತ್ತಿ ಬೆರಳಿನಿಂದ ಬೆನ್ನು ಸವರಿ ಎಣಿಸುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ನೂರ ನಲವತ್ತು ಪುಸ್ತಕ, ಒಂದೂ ತಪ್ಪಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಮಾವನ ಹತ್ತಿರ ಸುಳಿದಾಡಿದೆ.

"ಮಾವ, ಎಲ್ಲಾ ಸರಿಯಾಗೇ ಇದೆಯಲ್ಲ. ಸೂಜಿಯಮ್ಮನ್ನ ಯಾಕೆ ಕಳಿಸ್ತೀರಿ?"

"ಸರಿಯಾಗಿದೆ. ಆದ್ರೆ ಅವತ್ತು ಯಾಕೆ ತಪ್ಪಾಯ್ತು?"

"ಅದು... ಏನೋ ಒಂದು."

"ಅಲ್ಲೇ ಇರೋದು. ಯಾಕೆ ತಪ್ಪಾಯ್ತು ಅಂತ ಗೊತ್ತಾಗ್ದೆ, ಇವತ್ತಿನ ಸರೀನ ನಾನು ಹೇಗೆ ನಂಬ್ಲಿ? ಜೀವಮಾನ ಪೂರ್ತಿ ಎರಡೆರಡು ಸಲ ಎಣಿಸ್ಕೊಂಡು ಕೂರಕ್ಕಾಗುತ್ತಾ? ನಂಗೇನು ಅಕ್ಕನ್ನ ಕಳಿಸೋಕೆ ಖುಷೀನಾ?" ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಹೋಗು, ಅಂಟು ಗಟ್ಟಿಯಾಗ್ತಾ ಇದೆ."

ಯಾಕೆ ಎಂದು ಗೊತ್ತಿರುವವಳು ಹೋಗಿ ಅಂಟು ಕಲಕಿದಳು. ಇಪ್ಪತ್ತು ನಿಮಿಷ ಕಲಕಿದಳು. ಅಷ್ಟು ನುಣುಪಾದ ಅಂಟು ನಮ್ಮಲ್ಲಿ ಈವರೆಗೆ ಆಗಿಲ್ಲ.


ಡಿಸೆಂಬರ್ ೨೦, ಶನಿವಾರ

ಮಂಡಳಿ ಚುರುಕಾಗಿದೆ. ದಾರದ ಪೆಟ್ಟಿಗೆಯಲ್ಲಿ ಫೋನ್ ಬಚ್ಚಿಟ್ಟು ಒಂದು ಇಡೀ ಬೆಳಗಿನ ಸದ್ದು ಹಿಡಿದೆ. ಮನೆಗೆ ಬಂದು ಕೇಳಿದೆ. ಗುನುಗು ಇದೆ. ಸೂಜಿ ಕಾಗದದೊಳಗೆ ನುಗ್ಗುವ ಸಣ್ಣ ಟಪ್ ಇದೆ. ದೂರದಲ್ಲಿ ಕಟಿಂಗ್ ಮೆಷಿನ್ನಿನ ದಡ್. ಪುಸ್ತಕ ಅದುಮುವ ಪ್ರೆಸ್ಸಿನ ತಿರುಪು ಬಿಗಿಯುವಾಗಿನ ಕಿರ್ ಇದೆ. ಆರನೇ ನಿಮಿಷದಲ್ಲಿ ಮಾವನ ಕೆಮ್ಮು, ಸರಿಯಾಗಿ ತಾಳಕ್ಕೆ. ಅವರನ್ನು ಎಷ್ಟು ಸಲ ತಾಲೀಮು ಮಾಡಿಸಿದರೂ ಅಷ್ಟು ಚೆನ್ನಾಗಿ ಕೆಮ್ಮಲಾರರು.

ಏಳು ಪುಸ್ತಕಗಳ ಹೊಲಿಗೆ ಆರಿಸಿದೆ. ಏಳು ಹಾಡು. ಆಲ್ಬಮ್ ಹೆಸರು ಆಗಲೇ ಇತ್ತಲ್ಲ.

ಉಳಿದ ತೀರ್ಪುಗಳು:

ನಾಲ್ಕು: 'ಎರಡನೇ ಮಹಡಿಯ ಸಮುದ್ರ'. ಭವ್ಯ. ಅಲೆಗಳಂತೆ ಬಂದು ಅಲೆಗಳಂತೆ ಹೋಗುತ್ತದೆ.

ಮೂರು: 'ಬಾಗಿಲು ನಿಧಾನ ಹಾಕಿ'. ಅಪೂರ್ವ. ಕೇಳುಗನ ಒಳಗಿನ ಬಾಗಿಲುಗಳನ್ನು ತಟ್ಟುವಂಥದ್ದು.

ಎರಡು: 'ನಾಳೆ ಬನ್ನಿ'. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ, ಆದ್ದರಿಂದ ಮಂಡಳಿ ಏನೂ ಹೇಳುವುದಿಲ್ಲ.

ಶನಿವಾರ ಕಟಿಂಗ್ ಅಣ್ಣನ ಮಾನ ಹರಾಜು ಎಂದು ಬರೆದಿದ್ದೆನಲ್ಲ. ಆ ಕಾರ್ಯಕ್ರಮ ಇನ್ನೂ ಇದೆ. ಅದರ ಜೊತೆಗೆ ಇನ್ನೊಬ್ಬರ ಮಾನವೂ ಹೋಗುವುದಿದೆ.


ಡಿಸೆಂಬರ್ ೨೬, ಶುಕ್ರವಾರ

ಐನೂರನೇ ಪುಸ್ತಕ ನಾಲ್ಕೂವರೆಗೆ ಮುಗಿಯಿತು. ಸೂಜಿಯಮ್ಮ ಸೂಜಿಯನ್ನು ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿ, ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಯಾವತ್ತೂ ಅದನ್ನು ಕಿಟಕಿಯ ಪಕ್ಕ, ಗೋಡೆಯ ಮೊಳೆಗೆ ಸಿಕ್ಕಿಸಿ ಹೋಗುತ್ತಿದ್ದರು.

ಕಾಲೇಜಿಗೆ ಕೊಡಬೇಕಾದ ಅರ್ಜಿ ತೆಗೆದು ನೋಡಿ ಮತ್ತೆ ಮಡಚಿಟ್ಟೆ. ಮಡಿಕೆ ಮಾತ್ರ ನೇರವಾಗಿ ಬಂತು. ಈಗೆಲ್ಲ ಹಾಗೇ ಬರುತ್ತದೆ.


ಡಿಸೆಂಬರ್ ೨೭, ಶನಿವಾರ

ವಿಜಯ! ವಿಜಯ! ಆದರೆ ಕ್ರಮವಾಗಿ ಬರೆಯುತ್ತೇನೆ.

ನಾಲ್ಕು ಗಂಟೆ. ಮೆಷಿನ್ ನಿಂತಿತು. ಟೀ, ಬಿಸ್ಕತ್ತು. ಪುಸ್ತಕ ಒಯ್ಯಲು ಬಂದಿದ್ದ ಹಲ್ಲಿನ ಡಾಕ್ಟರನ್ನೂ ಮಾವ ಕೂರಿಸಿಕೊಂಡರು. ಅವರು ಬಿಸ್ಕತ್ತನ್ನು ಅನುಮಾನದಿಂದ ನೋಡಿದರು, ಆಮೇಲೆ ಮೂರು ತಿಂದರು. ಸೂಜಿಯಮ್ಮ ತಮ್ಮ ಸ್ಟೂಲಿನ ಮೇಲೆ. ನಾನು ಅಂಟಿನ ಡಬ್ಬ ಏರಿದೆ.

"ಮಹಾಜನಗಳೇ!"

"ಇಳಿಯೇ, ಡಬ್ಬ ಒಡೆಯುತ್ತೆ" ಎಂದರು ಮಾವ.

ಇಳಿಯಲಿಲ್ಲ. ಹತ್ತರಿಂದ ಎರಡರವರೆಗೆ ಓದಿದೆ. ಪ್ರತಿ ಹೆಸರಿಗೂ ಕಟಿಂಗ್ ಅಣ್ಣ ಟೀ ಹೀರುತ್ತಾ "ಕೇಳಿದೀನಿ" ಎಂದರು.

"ಒಂದನೇ ಸ್ಥಾನ. 'ಬಿಳಿ ದಾರ'."

"ನಾನೇ ಹೇಳಿದ್ದು ಇವ್ಳಿಗೆ!" ಅಣ್ಣ ಡಾಕ್ಟರ ಕಡೆ ತಿರುಗಿದರು. "ಒಳ್ಳೇ ಆಲ್ಬಮ್ಮು ಸಾರ್. ಕೊನೇ ಸಾಲು ಮಾತ್ರ..."

"ಒಂಚೂರು ಎಳೀತಾರೆ" ಎಂದು ಮುಗಿಸಿ ಸ್ಪೀಕರ್ ಒತ್ತಿದೆ.

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಹಾಡು ಶುರುವಾಗಲಿ ಎಂದು ಕಾದರು. ಗುನುಗು, ಟಪ್. ಗುನುಗು, ಟಪ್. ಸೂಜಿಯಮ್ಮನ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು. ಮಾವ ತಲೆ ಎತ್ತಿದರು.

ಮುಖಕ್ಕೆ ಕಾಗದ ಅಡ್ಡ ಹಿಡಿದು ತೀರ್ಪು ಓದಿದೆ. "ಈ ಆಲ್ಬಮ್‌ನ ಪ್ರತಿ ಹಾಡಿಗೂ ಹದಿನಾರು ಸಾಲು. ಒಂದು ಸಾಲಿಗೆ ಒಂದು ಫಾರಂ. ಇದು ಹಾಡೂ ಹೌದು, ಎಣಿಕೆಯೂ ಹೌದು. ಈ ಕಟ್ಟಡದಲ್ಲಿ ಇಷ್ಟು ವರ್ಷಗಳಿಂದ ಒಂದು ಪುಸ್ತಕವೂ ತಪ್ಪದಂತೆ ಕಾದದ್ದು ಇದೇ. ಡಿಸೆಂಬರ್ ಒಂದರಿಂದ ಹನ್ನೆರಡರವರೆಗೆ ಇದನ್ನು ಒಂದು ಸ್ಪೀಕರ್ ಮುಳುಗಿಸಿತ್ತು. ಆಗ ಒಂಬತ್ತು ಪುಸ್ತಕಗಳ ಹನ್ನೊಂದನೇ ಫಾರಂ ತಪ್ಪಿತು. ತಪ್ಪು ಕಣ್ಣಿನದಲ್ಲ, ವಯಸ್ಸಿನದಲ್ಲ. ಆ ಸ್ಪೀಕರ್ ಆಯ್ಕೆ ಮಂಡಳಿಯ ಅಧ್ಯಕ್ಷೆಯದು. ಆಕೆಗೆ ಹದಿಮೂರನೇ ತಾರೀಕಿನಿಂದ ಇದು ಗೊತ್ತಿತ್ತು. ಹೇಳಲು ಹೆದರಿದಳು."

ಕಾಗದ ಇಳಿಸಿದೆ. ಡಬ್ಬದಿಂದಲೂ ಇಳಿದೆ.

"ಅಯ್ಯೋ ಮಗಾ, ಸುಮ್ನಿರು ಅಂದಿದ್ದೆ" ಎಂದರು ಸೂಜಿಯಮ್ಮ.

ಮಾವ ಎದ್ದು ಸೂಜಿಯಮ್ಮನ ಮೇಜಿಗೆ ಹೋದರು. ಅಲ್ಲಿ ಮಿಕ್ಕ ಫಾರಂಗಳ ಹದಿನಾರು ಗುಡ್ಡೆ ಇನ್ನೂ ಇದ್ದವು. "ಮೊದ್ಲಿಂದ ಹಾಕು" ಎಂದರು. ಹಾಕಿದೆ. ಗುನುಗಿಗೆ ಸರಿಯಾಗಿ ಒಂದೊಂದೇ ಫಾರಂ ಎತ್ತುತ್ತಾ ಹೋದರು. ಎಣಿಸಲಿಲ್ಲ, ತುಟಿಯೂ ಅಲುಗಲಿಲ್ಲ. ಹತ್ತನೆಯದರ ಹೊತ್ತಿಗೆ ಡಾಕ್ಟರು ಬೇಕೆಂದೇ, "ನಿಮ್ಮ ಅಂಗಡಿ ಎಷ್ಟು ಹೊತ್ತಿಗೆ ತೆಗೀತೀರಿ?" ಎಂದು ಕೇಳಿದರು. "ಒಂಬತ್ತಕ್ಕೆ" ಎಂದ ಮಾವನ ಕೈ ನಿಲ್ಲದೆ ಹನ್ನೊಂದನೇ ಗುಡ್ಡೆಗೇ ಹೋಯಿತು. ಕೊನೆಯ ಸಾಲು ಎಳೆಯಿತು. ಮಾವನ ಕೈ ಕೊನೆಯ ಗುಡ್ಡೆಯ ಮೇಲೆ ನಿಂತಿತು.

ಡಾಕ್ಟರು ಆ ಕಂತೆಯನ್ನು ಕೈಗೆ ತೆಗೆದುಕೊಂಡು ಎಣಿಸಿದರು. "ಹದಿನಾರು. ಹಲ್ಲುಜ್ಜೋದು ಇದೆ, ಹಲ್ಲು ತುಂಬೋದೂ ಇದೆ. ಕೀಳೋದು ಆಮೇಲೇ ಬರುತ್ತೆ."

ಮಾವ ಸೂಜಿಯಮ್ಮನ ಎದುರು ನಿಂತರು. "ಅಕ್ಕಾ, ಇಷ್ಟು ವರ್ಷ ನಾನು ಅದು ನಿಮ್ಮ ಅಭ್ಯಾಸ ಅಂದ್ಕೊಂಡಿದ್ದೆ."

"ಅಭ್ಯಾಸಾನೇ ತಮ್ಮಾ."

"ಸೂಜಿ ಎಲ್ಲಿ?"

ಅವರು ಚೀಲ ತೆರೆದು ಬಟ್ಟೆಯ ಚೂರು ತೆಗೆದರು. ಮಾವ ಅದನ್ನು ಬಿಚ್ಚಿ, ಸೂಜಿಯನ್ನು ತಾವೇ ಗೋಡೆಯ ಮೊಳೆಗೆ ಸಿಕ್ಕಿಸಿದರು. "ಸೋಮವಾರ ಒಂಬತ್ತಕ್ಕೆ. ಎರಡನೇ ಎಣಿಕೆ ಇಲ್ಲ."

ನಾನು ಚಪ್ಪಾಳೆ ಹೊಡೆದೆ. ಡಾಕ್ಟರೂ ಹೊಡೆದರು. ಸೂಜಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಂದ್ಸಲ ಹಾಕು, ಮೂರನೇದ್ರಲ್ಲಿ ಸ್ವಲ್ಪ ಅಪಸ್ವರ ಬಂತು ಅನ್ಸುತ್ತೆ" ಎಂದರು. ಕಲಾವಿದೆಯ ಅಹಂಕಾರ ಎಷ್ಟು ಬೇಗ ಬರುತ್ತದೆ ನೋಡಿ.

ಇನ್ನು ನನ್ನ ಬೇಟೆ ಬಾಕಿ ಇತ್ತು. "ಅಣ್ಣಾ, 'ಬಿಳಿ ದಾರ' ಅನ್ನೋ ಆಲ್ಬಮ್ಮೇ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದು. ಕೇಳಿದೀನಿ ಅಂದ್ರಲ್ಲ?"

ಕಟಿಂಗ್ ಅಣ್ಣ ಒಂದು ಕ್ಷಣ ಬಾಯಿ ತೆರೆದರು. ಆಮೇಲೆ ಕೂತಲ್ಲೇ ನಿಧಾನವಾಗಿ ಕಾಲ ಮೇಲೆ ಕಾಲು ಹಾಕಿದರು.

"ಹತ್ತೊಂಬತ್ತು ವರ್ಷದಿಂದ ಆ ಸ್ಟೂಲಿನ ಎದುರಿಗೇ ನಿಂತಿದೀನಿ ಕಣಮ್ಮಾ. ಕೇಳದೆ ಏನು? ಕೊನೇ ಸಾಲು ಎಳೀತಾರೆ ಅಂತ ನಿಂಗಿಂತ ಮುಂಚೆ ಹೇಳಿದ್ದು ಯಾರು?"

ಇಡೀ ಅಂಗಡಿ ನಕ್ಕಿತು, ನನ್ನನ್ನು ನೋಡಿ. ಮಾವ ಗೋಡೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಪತ್ರದ ವಿಷಯ ಯಾರೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.


ಡಿಸೆಂಬರ್ ೩೧, ಬುಧವಾರ

ಮಧ್ಯಾಹ್ನ ಮಾವ ಒಂದು ಲಕೋಟೆ ಕೊಟ್ಟರು. ಅಂಟಿಸಿರಲಿಲ್ಲ. ಬೈಂಡಿಂಗ್ ಅಂಗಡಿಯವರು ಅಂಟಿಸದೆ ಕೊಟ್ಟರೆ ಓದು ಎಂದೇ ಅರ್ಥ. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

'ಮಾನ್ಯರೇ, ಇವಳು ನನ್ನ ಅಕ್ಕನ ಮಗಳು. ನಡತೆ ಉತ್ತಮ ಎಂದು ಬರೆದರೆ ನನಗೂ ನಗು ಬರುತ್ತದೆ, ನಿಮಗೂ ಬರುತ್ತದೆ. ಇವಳಿಂದ ಒಂಬತ್ತು ಪುಸ್ತಕ ಕೆಟ್ಟವು. ಒಂದು ಕೆಟ್ಟರೂ ಪತ್ರ ಕೊಡುವುದಿಲ್ಲ ಎಂದು ನಾನು ಹೇಳಿದ್ದೆ. ಅದು ಗೊತ್ತಿದ್ದೂ, ಯಾರೂ ಕೇಳದಿದ್ದರೂ, ಎಲ್ಲರೆದುರು ನಿಂತು ತಾನೇ ಹೇಳಿಕೊಂಡಳು. ನಮ್ಮ ಅಂಗಡಿಯಲ್ಲಿ ಇದನ್ನೇ ಉತ್ತಮ ಅನ್ನುತ್ತೇವೆ. ಮಡಿಕೆ ಚೆನ್ನಾಗಿ ಹಾಕುತ್ತಾಳೆ. ಕುರ್ಚಿ ಜೋಪಾನ.'

ಅಂಟಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕೂತೆ. ಕಣ್ಣಿಗೆ ಅಂಟಿನ ಹಬೆ ತಾಗಿತು.


ಜನವರಿ ೫, ಸೋಮವಾರ

ಕಾಲೇಜು. ಪ್ರಾಂಶುಪಾಲರು ಪತ್ರ ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ಎಡಗೈ ತಾನಾಗಿ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಿತು. ತುಟಿಯ ಒಂದು ತುದಿ ಅಲುಗಿತು. "ಕ್ಲಾಸಿಗೆ ಹೋಗು" ಎಂದರು. ಇತಿಹಾಸದ ಮೇಷ್ಟರು ವರಾಂಡದಲ್ಲಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ನಾನು ರಾಜಗಾಂಭೀರ್ಯದಿಂದ ಬೆಂಚಿನ ಮೇಲೆ ಕೂತೆ. ಮೇಷ್ಟರು ಪಾಠ ಮಾಡುವಾಗ ನನ್ನ ಕೈ ನೋಟುಪುಸ್ತಕದ ಬೆನ್ನು ಸವರುತ್ತಿತ್ತು. ಹನ್ನೆರಡು ಫಾರಂ. ಮೂರನೆಯದರ ದಾರ ಸಡಿಲ. ಯಾರು ಹೊಲಿದರೋ.

ಶನಿವಾರಗಳಂದು ನಾನು ಅಂಗಡಿಗೆ ಹೋಗುವುದು ಎಂದು ಮಾವನ ಜೊತೆ ಮಾತಾಗಿದೆ. ಹನ್ನೆರಡರ ದಾರಿ ಇನ್ನೂ ಕಲಿಯಬೇಕು. ನಡುವಿನ ನಾಲ್ಕು ಸಾಲು ಬಿಟ್ಟು ಐದನೆಯದರಿಂದ ಹತ್ತನೆಯದಕ್ಕೆ ಹೇಗೆ ಹಾರುತ್ತಾರೆ ಎಂಬುದು ನನಗೆ ಮೊನ್ನೆಯೂ ಸಿಗಲಿಲ್ಲ.

ಮೊನ್ನೆ ಎಂದಾಗ ನೆನಪಾಯಿತು. ಮಹಾಪ್ರಭುಗಳೇ, ಇದು ನಮ್ಮ ನಿಮ್ಮಲ್ಲೇ ಇರಲಿ. ಶನಿವಾರ ಸೂಜಿಯಮ್ಮ ದಾರಕ್ಕೆ ಮೇಣ ಉಜ್ಜುತ್ತಾ, "ಮಗಾ, ಆ ಎರಡನೇ ಸ್ಥಾನದ್ದು ಹಾಕು. ನಾನು ಸೋಲ್ಸಿದ್ದು ಯಾರನ್ನ ಅಂತ ಒಂದ್ಸಲ ಕೇಳ್ಬೇಕಲ್ಲ" ಎಂದರು.

ಸ್ಪೀಕರ್ ಮತ್ತೆ ಕೆಟ್ಟಿದೆ ಎಂದೆ. ಹದಿಮೂರನೇ ತಾರೀಕಿನ ನಂತರ 'ಬಿಳಿ ದಾರ' ಬಿಟ್ಟರೆ ನಾನು ಅದರಲ್ಲಿ ಯಾವ ಆಲ್ಬಮ್ಮನ್ನೂ ಹಚ್ಚಿರಲಿಲ್ಲ. ಮನೆಯಲ್ಲಿ ಕೇಳಿದ್ದೆಲ್ಲ ಅವರ ಗುನುಗನ್ನೇ. ನಾಲ್ಕು, ಮೂರು, ಎರಡನೇ ಸ್ಥಾನದ ಆಲ್ಬಮ್‌ಗಳ ಒಂದು ಹಾಡನ್ನೂ ನಾನು ಈವರೆಗೆ ಕೇಳಿಲ್ಲ. ಹೆಸರು ಚೆನ್ನಾಗಿದ್ದವು.

ಕಟಿಂಗ್ ಅಣ್ಣ ಮೂರನ್ನೂ ಕೇಳಿದ್ದಾರಂತೆ. ಪರವಾಗಿಲ್ಲವಂತೆ.